ಸಹಿಗೆ ಮೊದಲು ಓದಿಸುವ ಅಂಗಡಿ

ಉಡುಪಿ ಕೋರ್ಟು ರಸ್ತೆಯ ಆಸುಪಾಸಿನ ಈ ಡಿಟಿಪಿ, ಜೆರಾಕ್ಸ್ ಅಂಗಡಿಗೆ ಒಂದೇ ಮೆಟ್ಟಿಲು. ಎತ್ತರ ಆರು ಇಂಚು. ಅದರ ಬದಿಗೆ ಆರಡಿ ಉದ್ದದ ಸಿಮೆಂಟಿನ ಇಳಿಜಾರು. ಸಿಮೆಂಟು ಹಸಿ ಇರುವಾಗಲೇ ಹಿಡಿಸೂಡಿಯ ಕಡ್ಡಿಯಿಂದ ಅಡ್ಡಡ್ಡ ಗೀರಿದ್ದಾರೆ, ಹಾಗಾಗಿ ಆಟಿ ಎಂಬ ತುಳು ತಿಂಗಳ ಮಳೆಯಲ್ಲೂ ಚಕ್ರ ಜಾರುವುದಿಲ್ಲ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂಬುದು ಸರಕಾರಿ ಮಾರ್ಗಸೂಚಿಯ ಲೆಕ್ಕ. ಆರು ಇಂಚಿಗೆ ಆರಡಿ, ಸರಿಯಾಗಿ ಉಂಟು. 2013ರಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಯಾರನ್ನೂ ಕೂಗಿ ಕರೆಯದೆ ನಾನಾಗಿ ಒಳಗೆ ಹೋದ ಮೊದಲ ಡಿಟಿಪಿ ಅಂಗಡಿ ಇದು. ಇಳಿಜಾರು ನೋಡಿಯೇ ಒಳಗೆ ಹೋದದ್ದು ಹೌದು. ಒಳಗೆ ಆದ ಕೆಲಸ ಎಂಥದ್ದು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಗಾಲಿಕುರ್ಚಿಯವರು, ಊರುಗೋಲಿನವರು, ಕಣ್ಣು ಕಾಣದವರು, ಅವರ ಮನೆಯವರು, ಹೀಗೆ ನಾವು ಕೆಲವರು ಸೇರಿ ಈ ವರ್ಷ ಒಂದು ಅಭಿಯಾನ ಶುರುಮಾಡಿದೆವು. ಬೇಡಿಕೆ ಮೂರು. ಗ್ರಾಮ ಪಂಚಾಯತ್ ಕಚೇರಿ, ನ್ಯಾಯಬೆಲೆ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಬಸ್ ನಿಲ್ದಾಣ ಇವುಗಳಿಗೆ ಹಿಡಿಕಂಬಿ ಇರುವ ಇಳಿಜಾರು ಬೇಕು. ಅಂಥ ಕಡೆಗಳಲ್ಲಿ ಗಾಲಿಕುರ್ಚಿ ಹೋಗುವಷ್ಟು ಅಗಲ ಬಾಗಿಲಿನ ಒಂದಾದರೂ ಶೌಚಾಲಯ ಬೇಕು. ಮತಗಟ್ಟೆಯಾಗುವ ಶಾಲೆಗಳಲ್ಲಿ ಗಟ್ಟಿ ಇಳಿಜಾರು ಕಟ್ಟಬೇಕು.

ಮೂರನೆಯದನ್ನು ಹಟ ಹಿಡಿದು ಸೇರಿಸಿದವನು ನಾನು. ಮತದಾನದ ದಿನ ಶಾಲೆಯ ಮೆಟ್ಟಿಲಿಗೆ ಹಲಗೆ ಹಾಸಿರುತ್ತಾರೆ. ಸ್ವಯಂಸೇವಕರು ಬಂದು ಗೌರವದಿಂದ ಒಳಗೆ ಕರೆದುಕೊಂಡು ಹೋಗುತ್ತಾರೆ. ಆ ದಿನ ನನಗೆ ನಿಜವಾಗಿ ಸಂತೋಷವಾಗುತ್ತದೆ. ಸ್ವಲ್ಪ ದಿನ ಕಳೆದು ಮಗಳ ಟಿ.ಸಿ. ತರಲಿಕ್ಕೆ ಅದೇ ಶಾಲೆಗೆ ಹೋದೆ. ಹಲಗೆ ಇರಲಿಲ್ಲ. ಅಂಗಳದ ಬಿಸಿಲಲ್ಲಿ ಕಾದೆ. ಟೀಚರ್ ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ಕೆಳಗೆ ಇಳಿದು ಬಂದು ಸಹಿ ಮಾಡಿಸಿಕೊಂಡರು. ಅವರ ತಪ್ಪು ಏನೂ ಇಲ್ಲ. ಮಗಳು ಮಾತ್ರ ಮನೆ ಮುಟ್ಟುವವರೆಗೆ ಒಂದೂ ಮಾತಾಡಲಿಲ್ಲ.

ಇದನ್ನು ನಾವು ಯಾರ ಹತ್ತಿರವೂ ಬೇಡಿಕೊಳ್ಳಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ ಬಂದದ್ದು 2016ರಲ್ಲಿ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ, ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಎಂದು ಅದರ 45ನೇ ಸೆಕ್ಷನ್ ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ಕ್ಕೆ. ಐದು ವರ್ಷ 2022ರ ಜೂನ್‌ಗೆ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮುಖ್ಯ ಮಾತು ಹೇಳಿತು: ಬರೀ ಸಲಹೆಯ ರೂಪದ ಮಾರ್ಗಸೂಚಿ ಸಾಲದು, ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮಗಳನ್ನು ಕೇಂದ್ರ ಸರಕಾರ ಮಾಡಬೇಕು ಎಂದು. ಇಷ್ಟೆಲ್ಲ ಇದ್ದರೂ ಊರಿನ ಜನ, ಊರಿನ ಸಂಘಗಳು ನಮ್ಮ ಜೊತೆ ಇದ್ದಾರೆ ಎಂದು ಕಾಗದದಲ್ಲಿ ತೋರಿಸಬೇಕಿತ್ತು. ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನದಂದು ಮಣಿಪಾಲದ ರಜತಾದ್ರಿಯ ಕಚೇರಿಗೆ ಹೋಗಿ ಜಿಲ್ಲಾಧಿಕಾರಿಯವರಿಗೆ ಮನವಿ ಕೊಡುವುದು, ಅದರ ಜೊತೆ ಬೆಂಬಲದ ಸಹಿಗಳನ್ನೂ ಪತ್ರಗಳನ್ನೂ ಇಡುವುದು ಎಂದು ನಿರ್ಣಯಿಸಿದೆವು.

ಮೊದಲು ಹೋದದ್ದು ಬೇರೊಂದು ಅಂಗಡಿಗೆ, ಹೆಸರು ಬೇಡ. ಮೂರು ಮೆಟ್ಟಿಲು. ರಿಕ್ಷಾದಲ್ಲೇ ಕೂತು ಕೈಬರಹದ ಕಾಗದ ಕೊಟ್ಟೆ. ಮುಕ್ಕಾಲು ಗಂಟೆ ಬಿಟ್ಟು ಹುಡುಗ ಮಳೆಯಲ್ಲಿ ಓಡಿ ಬಂದು ಪ್ರಿಂಟು ಕೊಟ್ಟು ಹೋದ. ಮನೆಗೆ ಬಂದು ನೋಡಿದರೆ ನಾನು ಬರೆಯದ ವಾಕ್ಯ ಒಂದು ಸೇರಿತ್ತು: “ಅಂಗವಿಕಲರಾದ ನಮ್ಮ ಮೇಲೆ ಕರುಣೆ ತೋರಿ ಸಹಕರಿಸಬೇಕಾಗಿ ಸವಿನಯ ಪ್ರಾರ್ಥನೆ.” ಆ ಅಂಗಡಿಯವರು ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ, ಮನವಿ ಎಂದರೆ ಹೀಗೇ ಮುಗಿಯಬೇಕು ಎಂಬ ಅಭ್ಯಾಸ. ಆದರೆ ನಾನು ಆ ಹಾಳೆ ಹಿಡಿದು ಯಾರ ಮನೆಗೂ ಹೋಗಲಾರೆ ಎನಿಸಿತು.

ಆಮೇಲೆ ನಮ್ಮ ರಿಕ್ಷಾದ ಅಣ್ಣ ತೋರಿಸಿದ್ದು ಈ ಅಂಗಡಿ. “ಉಲಾಯಿ ಬಲೆ ಅಣ್ಣ” (ಒಳಗೆ ಬನ್ನಿ ಅಣ್ಣ) ಎಂದು ತುಳುವಿನಲ್ಲಿ ಒಳಗಿನಿಂದಲೇ ಕರೆದರು. ಅಂಗಡಿ ನಡೆಸುವ ಅಕ್ಕನಿಗೆ ಐವತ್ತರ ಮೇಲೆ ವಯಸ್ಸು. ಕಂಪ್ಯೂಟರಿನ ಪರದೆಯನ್ನು ಗ್ರಾಹಕರ ಕಡೆಗೆ ತಿರುಗಿಸಿ ಇಟ್ಟಿದ್ದಾರೆ, ಟೈಪ್ ಮಾಡಿದ್ದು ನಮಗೂ ಕಾಣಬೇಕು ಎಂದು. ಹಳೆಯ ಪ್ರಿಂಟನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕರುಣೆಯ ವಾಕ್ಯ ಬಂದಾಗ ನನ್ನ ಮುಖ ನೋಡಿದರು.

“ಮೇಲೆ ಸೆಕ್ಷನ್ ಬರೆದಿದ್ದೀರಲ್ಲ. ಕಾನೂನಿನಲ್ಲಿ ಉಂಟು ಅಂದ ಮೇಲೆ ಕರುಣೆ ಯಾಕೆ ಅಣ್ಣ?”

ನಾನು ಬರೆದದ್ದಲ್ಲ ಎಂದೆ. ಅಳಿಸಿದರು.

ಆಮೇಲೆ ಕೇಳಿದ್ದು, ಇದಕ್ಕೆ ಸಹಿ ಹಾಕುವವರು ಯಾರು ಎಂದು. ಎಲ್ಲರೂ, ಜನರೂ ಸಂಘಗಳೂ, ಎಂದೆ.

“ಹಾಗಾದ್ರೆ ಎರಡು ಕಾಗದ ಆಗ್ಬೇಕು. ಒಬ್ಬರು ಸಹಿ ಹಾಕಿದ್ರೆ ಅದು ಅವರ ಮಾತು. ಸಂಘದ ಅಧ್ಯಕ್ಷರು ಪಟ್ಟಿಯಲ್ಲಿ ಸಹಿ ಹಾಕಿದ್ರೆ ಅದು ಸಹ ಅವರೊಬ್ಬರದ್ದೇ ಮಾತು. ಸಂಘದ್ದು ಅಂತ ಆಗ್ಬೇಕಾದ್ರೆ ಮೀಟಿಂಗಲ್ಲಿ ಇಟ್ಟು ನಿರ್ಣಯ ಮಾಡ್ಬೇಕಲ್ಲ? ನಾಳೆ ಯಾರಾದ್ರೂ ಸದಸ್ಯರು ‘ನಮ್ಮನ್ನು ಕೇಳಿದ್ದು ಯಾರು’ ಅಂದ್ರೆ ಅಧ್ಯಕ್ಷರು ಏನು ಹೇಳುದು?”

ಹಾಲಿನ ಸೊಸೈಟಿ, ಮಹಿಳಾ ಮಂಡಲ, ಭಜನಾ ಮಂಡಳಿಗಳ ಮಹಾಸಭೆಯ ವರದಿ ಟೈಪ್ ಮಾಡಿ ಮಾಡಿ ಅವರಿಗೆ ಈ ವಿಷಯ ಕೈಗೆ ಹತ್ತಿದೆ. ನನಗೆ ಹೊಳೆದೇ ಇರಲಿಲ್ಲ. ಸಹಿ ಜಾಸ್ತಿ ಆದಷ್ಟು ಒಳ್ಳೆಯದು ಎಂದಷ್ಟೇ ತಲೆಯಲ್ಲಿತ್ತು.

ಸಂಘಗಳಿಗೆಂದು ಅರ್ಧ ಪುಟದ ಮಾದರಿ ಪತ್ರ ಮಾಡಿಕೊಟ್ಟರು. ಸಂಘದ ಲೆಟರ್‌ಹೆಡ್‌ನಲ್ಲಿ ಅವರೇ ಬರೆದುಕೊಳ್ಳುವಂತೆ: ಇಂಥ ತಾರೀಖಿನ ಕಾರ್ಯಕಾರಿ ಸಮಿತಿ ಸಭೆ, ನಿರ್ಣಯ ಸಂಖ್ಯೆ ಇಷ್ಟು, ಈ ಮೂರು ಬೇಡಿಕೆಗಳಿಗೆ ನಮ್ಮ ಬೆಂಬಲ ಇದೆ, ಅಧ್ಯಕ್ಷರ ಸಹಿ, ಕಾರ್ಯದರ್ಶಿ ಸಹಿ, ಮೊಹರು. “ಅಭಿಯಾನಕ್ಕೆ ಸಂಪೂರ್ಣ ಬೆಂಬಲ” ಎಂದು ನಾನು ಬರೆದಿದ್ದೆ. ಅದನ್ನು “ಈ ಮೂರು ಬೇಡಿಕೆಗಳಿಗೆ” ಎಂದು ತಿದ್ದಿದವರು ಅವರೇ. ಮುಂದೆ ನೀವು ಧರಣಿ ಕೂತರೆ, ಇನ್ನೇನೋ ಹೇಳಿದರೆ, ಅದಕ್ಕೂ ನಮ್ಮ ಹೆಸರು ಸೇರುತ್ತದಾ ಎಂದು ಸಂಘದವರಿಗೆ ಹೆದರಿಕೆ ಇರುತ್ತದೆ, ಇಷ್ಟಕ್ಕೆ ಮಾತ್ರ ಎಂದರೆ ಧೈರ್ಯದಿಂದ ಸಹಿ ಹಾಕುತ್ತಾರೆ ಎಂದರು. ಅವರು ಹೇಳಿದ ಹಾಗೆಯೇ ಆಯಿತು. ಹೋದಲ್ಲೆಲ್ಲ ಮೊದಲು ಬಂದ ಪ್ರಶ್ನೆ ಅದೇ: ಇದು ರಾಜಕೀಯ ಆಗ್ತದಾ? ಪತ್ರ ಕೈಗೆ ಕೊಟ್ಟು, ಇದರಲ್ಲಿ ಬರೆದಷ್ಟಕ್ಕೆ ಮಾತ್ರ ಎಂದು ಹೇಳಲು ನನಗೂ ಸುಲಭವಾಯಿತು.

ಜನರ ಸಹಿಯ ಹಾಳೆಗೆ ಹೆಚ್ಚು ಹೊತ್ತು ಹಿಡಿಯಿತು. ಮನವಿ ಒಂದು ಕಡೆ, ಗೆರೆ ಹಾಕಿದ ಖಾಲಿ ಹಾಳೆಗಳು ಒಂದು ಕಡೆ ಇರುವುದು ಸಾಮಾನ್ಯ ಪದ್ಧತಿ. ನಮ್ಮೂರಲ್ಲಿ ಹಿಂದೊಮ್ಮೆ ರಸ್ತೆಗೆಂದು ಪಡೆದ ಸಹಿಗಳು ಬೇರೆ ಯಾವುದೋ ಅರ್ಜಿಯ ಹಿಂದೆ ಸೇರಿಕೊಂಡು ದೊಡ್ಡ ಜಗಳವಾಗಿತ್ತು. ಅದನ್ನು ಹೇಳಿದ ಕೂಡಲೇ ಅಕ್ಕ ಪ್ರತಿ ಹಾಳೆಯ ತಲೆಯಲ್ಲೂ ಮೂರು ಬೇಡಿಕೆ ಅಚ್ಚಾಗುವಂತೆ ಮಾಡಿದರು. ಒಂದು ಹಾಳೆಯಲ್ಲಿ ಹತ್ತೇ ಸಹಿ. ಅಕ್ಷರ ದೊಡ್ಡದು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ಕಾಣುವಷ್ಟು. ಹೆಸರು, ಊರು, ತಾರೀಖು, ಸಹಿ. ಫೋನ್ ನಂಬರ್ ಬೇಕಾದವರು ಬರೆಯಬಹುದು. ಆಧಾರ್ ನಂಬರಿನ ಕಾಲಮ್ ಹಾಕಿ, ಗಟ್ಟಿ ಇರುತ್ತದೆ ಎಂದು ನಮ್ಮಲ್ಲೇ ಒಬ್ಬರು ಹೇಳಿ ಕಳಿಸಿದ್ದರು. ಅದಕ್ಕೆ ಅಕ್ಕ ಒಪ್ಪಲಿಲ್ಲ. ಹಾಳೆ ಹತ್ತು ಮನೆ ಸುತ್ತುತ್ತದೆ, ಹತ್ತನೆಯ ಮನೆಯವರಿಗೆ ಮೊದಲ ಒಂಬತ್ತು ಮನೆಯ ಆಧಾರ್ ಯಾಕೆ ಕಾಣಬೇಕು ಎಂದರು. ನನಗೆ ಬಹಳ ಸರಿ ಕಂಡಿತು. ಕೊನೆಗೆ ಒಂದು ಚೌಕ ಸೇರಿಸಿದೆವು: ನನ್ನ ಹೆಸರನ್ನು ಪತ್ರಿಕೆ, ಪೋಸ್ಟರಿನಲ್ಲಿ ಹಾಕಬಹುದು. ಗುರುತು ಹಾಕದಿದ್ದರೆ ಹೆಸರು ಮನವಿಯ ಜೊತೆ ಹೋಗುತ್ತದೆ, ಬೇರೆಲ್ಲೂ ಬರುವುದಿಲ್ಲ.

ಇಷ್ಟಾಗುವಾಗ ರೇಶನ್ ಕಾರ್ಡಿನ ಜೆರಾಕ್ಸಿಗೆ ಬಂದ ಒಬ್ಬರು ಹೆಂಗಸು ಬಾಗಿಲ ಬಳಿ ನಿಂತಿದ್ದರು. ಎಪ್ಪತ್ತರ ಹತ್ತಿರ ವಯಸ್ಸು, ಮೀನು ಮಾರುವವರು, ತಲೆಯ ಸಿಂಬೆ ಇನ್ನೂ ಕೈಯಲ್ಲಿತ್ತು. ಅಕ್ಕ ನನಗೆ ಹೇಳಿದರು, “ಇವರಿಗೆ ಒಮ್ಮೆ ಓದಿ ಹೇಳಿ ನೋಡುವ. ಅರ್ಥ ಆಗದಿದ್ದಲ್ಲಿ ನಿಲ್ಲಿಸ್ತಾರೆ.” ನಾನು ಓದಿದೆ. “ಅಡೆತಡೆರಹಿತ ವಾತಾವರಣ” ಎಂಬಲ್ಲಿ ಅಮ್ಮ ನಿಲ್ಲಿಸಿದರು, ಹಾಗಂದ್ರೆ ಎಂತ ಎಂದರು. ಮೆಟ್ಟಿಲು ಹತ್ತಲಿಕ್ಕೆ ಆಗದವರೂ ಒಳಗೆ ಹೋಗುವ ದಾರಿ ಎಂದು ವಿವರಿಸಿದೆ. ಅಕ್ಕ ನನ್ನ ಆ ಮಾತನ್ನೇ ಟೈಪ್ ಮಾಡಿ ಹಳೆಯ ಎರಡು ಪದಗಳನ್ನು ತೆಗೆದುಬಿಟ್ಟರು.

ಅಮ್ಮ ತುಳುವಿನಲ್ಲಿ ಕೇಳಿದರು, “ಇದು ನನ್ನ ಗಂಟುನೋವಿಗೂ ಆಗ್ತದಲ್ಲ?” ರೇಶನ್ ಅಂಗಡಿಯ ಮೆಟ್ಟಿಲು ಇಳಿಯುವಾಗ ಅಕ್ಕಿಯ ಚೀಲವನ್ನು ಒಂದು ಮೆಟ್ಟಿಲ ಮೇಲೆ ಇಡುವುದು, ತಾನು ಒಂದು ಮೆಟ್ಟಿಲು ಇಳಿಯುವುದು, ಮತ್ತೆ ಚೀಲವನ್ನು ಕೆಳಗಿನದಕ್ಕೆ ಇಡುವುದು ಎಂದು ಕೈಯಲ್ಲೇ ತೋರಿಸಿದರು. ಅಷ್ಟು ದಿನ ನಾನು ನಮ್ಮವರು ಎಂದು ಲೆಕ್ಕ ಹಾಕುವಾಗ ಈ ಅಮ್ಮನನ್ನು ಸೇರಿಸಿರಲಿಲ್ಲ. ನಮ್ಮ ಮೊದಲ ಹಾಳೆಯ ಮೊದಲ ಸಾಲಿನಲ್ಲಿ ಇರುವುದು ಅವರ ಹೆಬ್ಬೆಟ್ಟು. ಅದರ ಬದಿಗೆ “ಓದಿ ಹೇಳಿದವರು” ಎಂಬ ಕಾಲಮ್ ಅಲ್ಲೇ ಹುಟ್ಟಿತು. ಹೆಬ್ಬೆಟ್ಟು ಇರುವಲ್ಲೆಲ್ಲ, ಯಾರು ಅದನ್ನು ಓದಿ ಹೇಳಿದರೋ ಅವರ ಹೆಸರು ಮತ್ತು ಸಹಿ ಉಂಟು.

ಇನ್ನೊಂದು ವಿಷಯ ಬರೆಯಲೇಬೇಕು, ಇದು ಡಿಟಿಪಿಯವರಿಗೆಲ್ಲ ಗೊತ್ತಾಗಬೇಕಾದ್ದು. ನಮ್ಮ ಬಳಗದ ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಇಟ್ಟುಕೊಂಡು ಪತ್ರಿಕೆಯನ್ನೂ ಓದುತ್ತಾರೆ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡವೇ. ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವನ್ನು. ಹಾಗಾಗಿ ಅಂಥ ಕಡತವನ್ನು ಮೇಷ್ಟ್ರ ಫೋನು ಓದಿದರೆ ಅರ್ಥವಿಲ್ಲದ ಸದ್ದು ಬರುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿದರೆ ಸ್ವಚ್ಛ ಕನ್ನಡ ಕೇಳುತ್ತದೆ. ಈ ಅಂಗಡಿಯಲ್ಲಿ ಕೇಳುವ ಮೊದಲೇ ಯುನಿಕೋಡಿನಲ್ಲಿ ಮಾಡಿ ಮೇಷ್ಟ್ರಿಗೆ ವಾಟ್ಸ್ಆ್ಯಪ್ ಮಾಡಿದರು. ಬೇರೆಯವರು ಓದಿ ಹೇಳುವುದನ್ನು ನಂಬಿ ಸಹಿ ಹಾಕಿದ್ದೇ ಜೀವನವಿಡೀ, ಈ ಸಲ ನಾನೇ ಓದಿದೆ ಎಂದು ಮೇಷ್ಟ್ರು ಫೋನ್ ಮಾಡಿ ಹೇಳಿದರು.

ಹೇಳಿದ್ದು ಅಷ್ಟೇ ಅಲ್ಲ, ತಪ್ಪನ್ನೂ ಹಿಡಿದರು. “ಅಧಿನಿಯಮ 2006 ಅಂತ ಓದ್ತಾ ಉಂಟಲ್ಲ ಮಾರಾಯ, 2016 ಆಗ್ಬೇಕಲ್ಲ?” ನಾನು ಎರಡು ಸಲ, ಅಕ್ಕ ಮೂರು ಸಲ ಕಣ್ಣಾಡಿಸಿಯೂ ಕಂಡಿರಲಿಲ್ಲ. ಅಷ್ಟರಲ್ಲಿ ನೂರು ಹಾಳೆ ಅಚ್ಚಾಗಿತ್ತು. ಅಕ್ಕ ಒಂದು ಮಾತೂ ಆಡದೆ ನೂರನ್ನೂ ಹೊಸದಾಗಿ ಮಾಡಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಅರ್ಧ ಕೊಡುತ್ತೇನೆ, ನಾನೂ ನೋಡಿದ್ದೇನಲ್ಲ ಎಂದರೆ ಕೇಳಲೇ ಇಲ್ಲ.

ಮೇಷ್ಟ್ರು ಸಹಿ ಹಾಕಲು ಬಂದ ದಿನ ನಾನೂ ಇದ್ದೆ. ಕಣ್ಣು ಕಾಣದವರು ಎಂದ ಕೂಡಲೇ ಎಲ್ಲ ಕಡೆ ಇಂಕ್ ಪ್ಯಾಡ್ ಮುಂದೆ ತರುತ್ತಾರೆ. ಮೇಷ್ಟ್ರಿಗೆ ಚೆಂದದ ಸಹಿ ಉಂಟು, ಸಾಲು ಎಲ್ಲಿ ಎಂದು ಗೊತ್ತಾಗುವುದಿಲ್ಲ, ಅಷ್ಟೇ. ಅಕ್ಕ ಕಪಾಟಿನಿಂದ ಹಳೆಯ ಮದುವೆ ಕಾಗದ ಒಂದನ್ನು ತೆಗೆದರು, ದಪ್ಪದ್ದು, ಚಿನ್ನದ ಬಣ್ಣದ ಗಣಪತಿ ಇರುವಂಥದ್ದು. ಸ್ಕೇಲ್ ಇಟ್ಟು ಬ್ಲೇಡಿನಿಂದ ಮಧ್ಯದಲ್ಲಿ ಮೂರು ಇಂಚು ಉದ್ದ, ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಅಗಲದ ಕಿಂಡಿ ಕೊರೆದರು. ಅಂಚು ಬೆರಳಿಗೆ ತಾಗದಂತೆ ಉಗುರಿನಿಂದ ನೀವಿದರು. ಕಿಂಡಿಯನ್ನು ಹಾಳೆಯ ಸಾಲಿನ ಮೇಲೆ ಸರಿಯಾಗಿ ಇಟ್ಟು ಮೇಷ್ಟ್ರ ಎಡಗೈಯ ಬೆರಳನ್ನು ಅಂಚಿಗೆ ತಾಗಿಸಿದರು. ಮೇಷ್ಟ್ರು ಒಮ್ಮೆ ಕಿಂಡಿಯ ಉದ್ದಕ್ಕೂ ಬೆರಳಾಡಿಸಿ, ಪೆನ್ನು ಇಟ್ಟು, ಕೊನೆಯ ಗೀಟು ಎಳೆಯುವವರೆಗೆ ನಿಲ್ಲಿಸದೆ ಬರೆದರು. ಆ ಕಾರ್ಡು ಈಗ ಅವರ ಜೇಬಿನಲ್ಲೇ ಇರುತ್ತದೆ, ಬ್ಯಾಂಕಿಗೂ ಅದನ್ನೇ ಒಯ್ಯುತ್ತಾರೆ.

ಊರಲ್ಲಿ ಪತ್ರ ಹಿಡಿದು ತಿರುಗಿದ್ದರಲ್ಲಿ ಒಂದು ಕಡೆಯ ಕತೆ ಹೇಳುತ್ತೇನೆ, ಏಕೆಂದರೆ ಅದು ಮತ್ತೆ ಇದೇ ಅಂಗಡಿಗೆ ಬಂದು ಮುಟ್ಟಿತು. ರಿಕ್ಷಾ ಚಾಲಕರ ಸಂಘದವರು ಪತ್ರ ನೋಡಿ ಎರಡೇ ದಿನದಲ್ಲಿ ನಿರ್ಣಯ ಮಾಡಿ ಕೊಟ್ಟರು. ನಮ್ಮನ್ನು ಎತ್ತಿ ಇಳಿಸುವವರು ಅವರೇ ಅಲ್ಲವೇ. ಮಹಿಳಾ ಮಂಡಲದವರು ಮುಂದಿನ ಸಭೆಯಲ್ಲಿ ಇಟ್ಟರು. ಎರಡು ಕಡೆ ಆಗುವುದಿಲ್ಲ ಎಂದರು, ಕಾರಣ ಕೇಳಿ ಪೀಡಿಸಲಿಲ್ಲ. ಒಂದು ಯುವಕ ಮಂಡಲದವರು ಮಾತ್ರ ಪತ್ರ ಇಟ್ಟುಕೊಂಡು ತಿಂಗಳಾದರೂ ಕೊಡಲಿಲ್ಲ. ಕೇಳಿದಾಗ ಕಾರ್ಯದರ್ಶಿ ಹುಡುಗ ನಾಚಿಕೊಂಡು ಹೇಳಿದ: “ಅಣ್ಣ, ನಮ್ಮ ಸಭಾಭವನಕ್ಕೇ ಐದು ಮೆಟ್ಟಿಲು ಉಂಟು. ನಿಮ್ಮನ್ನು ಮೀಟಿಂಗಿಗೆ ಕರೆಯುವ ಅಂತ ಆದಾಗ ನೆನಪಾದದ್ದು. ನಾವು ಹೇಗೆ ಸಹಿ ಹಾಕುದು?”

ಎಷ್ಟೋ ಬೆಂಬಲ ಪತ್ರಗಳಿಗಿಂತ ಆ ಮಾತು ನನಗೆ ದೊಡ್ಡದು. ಐದು ಮೆಟ್ಟಿಲು ಎಂದರೆ ಮೂವತ್ತು ಇಂಚು, ಮೂವತ್ತಡಿ ಇಳಿಜಾರು ಬೇಕು. ಅವರ ಅಂಗಳ ಅಷ್ಟು ಉದ್ದ ಇಲ್ಲ, ಮಧ್ಯದಲ್ಲಿ ಒಮ್ಮೆ ತಿರುಗಿಸಬೇಕು. ತಿರುವಿನಲ್ಲಿ ಕುರ್ಚಿ ತಿರುಗಲು ಐದಡಿ ಚೌಕದ ಸಮತಟ್ಟು ಜಾಗ ಬೇಕು. ಈ ಲೆಕ್ಕವನ್ನು ಹಾಕಿಸಿದ್ದು ಅಂಗಡಿಯ ಇಳಿಜಾರನ್ನು ಕಟ್ಟಿದ ಮೇಸ್ತ್ರಿಯಿಂದ, ಅವರ ನಂಬರ್ ಕೊಟ್ಟವರು ಅಕ್ಕ. ಮಂಡಲದವರು ಒಂದೇ ಸಭೆಯಲ್ಲಿ ಎರಡು ನಿರ್ಣಯ ಮಾಡಿದರು: ಒಂದು ನಮ್ಮ ಬೇಡಿಕೆಗೆ ಬೆಂಬಲ, ಇನ್ನೊಂದು ತಮ್ಮ ಸಭಾಭವನದ ಇಳಿಜಾರಿಗೆ ಹಣ ಒಟ್ಟು ಮಾಡುವುದು. ಕೆಲಸ ಇನ್ನೂ ಶುರುವಾಗಿಲ್ಲ. ಆ ಪತ್ರವನ್ನು ಟೈಪ್ ಮಾಡಿಸಲು ಹುಡುಗರು ಬಂದದ್ದೂ ಇಲ್ಲಿಗೇ. ಎರಡೂ ನಿರ್ಣಯವನ್ನು ಒಂದೇ ಪತ್ರದಲ್ಲಿ ಹಾಕಿ, ಮುಚ್ಚಿಡುವುದು ಯಾಕೆ ಎಂದು ಅಕ್ಕ ಹೇಳಿದರಂತೆ, ಹಾಗೇ ಹಾಕಿದ್ದಾರೆ.

ಇನ್ನು ಹೋಗುವವರಿಗೆ ಬೇಕಾದ ವಿವರ. ಡಿಟಿಪಿ ಒಂದು ಪುಟಕ್ಕೆ ನನ್ನಿಂದ ತೆಗೆದುಕೊಂಡದ್ದು 50 ರೂಪಾಯಿ, ತಿದ್ದುಪಡಿಗೆ ಬೇರೆ ಇಲ್ಲ. ಜೆರಾಕ್ಸ್ 2 ರೂಪಾಯಿ. ಸ್ಪೈರಲ್ ಬೈಂಡಿಂಗ್ ಉಂಟು. ಫೋನಿನಲ್ಲಿ ಹಣ ಕಳಿಸಬಹುದು. ಕೊರತೆಗಳೂ ಉಂಟು, ಅದನ್ನೂ ಹೇಳಬೇಕು. ಯುಪಿಎಸ್ ಇಲ್ಲ. ಗಾಳಿಮಳೆಯ ದಿನ ಕರೆಂಟು ಹೋದರೆ ಟೈಪ್ ಮಾಡಿದ್ದೂ ಹೋಗುತ್ತದೆ, ನನಗೆ ಒಮ್ಮೆ ಅರ್ಧ ದಿನ ಹಾಳಾಯಿತು. ಹಿಂದಿನ ಬಾಗಿಲ ಆಚೆಯ ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುವುದಿಲ್ಲ, ದೂರದಿಂದ ಬರುವವರು ಅದನ್ನು ತಿಳಿದುಕೊಂಡು ಹೊರಡಿ. ಜೊತೆಗೆ ಬಂದವರಿಗೆ ಕೂರಲು ಒಂದೇ ಸ್ಟೂಲು. ಕೋರ್ಟಿನ ಕೆಲಸದ ದಿನಗಳಲ್ಲಿ ಹತ್ತರಿಂದ ಹನ್ನೊಂದೂವರೆಯವರೆಗೆ ಬಾಂಡು, ಅಫಿಡವಿಟ್‌ನವರ ಗಡಿಬಿಡಿ, ಆಗ ನಿಧಾನದ ಕೆಲಸ ಹಿಡಿದುಕೊಂಡು ಹೋಗಬೇಡಿ. ಮಧ್ಯಾಹ್ನ ಊಟದ ಮೇಲೆ ಹೋದರೆ ಕೂತು ಓದುತ್ತಾರೆ.

ಅಂಗಡಿಯ ಎದುರು ಬೈಕುಗಳ ಸಾಲು ಇರುತ್ತದೆ. ಇಳಿಜಾರಿನ ಬುಡಕ್ಕೆ ಯಾರಾದರೂ ಬೈಕ್ ನಿಲ್ಲಿಸಿದ್ದರೆ ಅಲ್ಲಿಂದಲೇ ಒಮ್ಮೆ ಕರೆಯಿರಿ. ಕೈಯಲ್ಲಿದ್ದ ಕೆಲಸ ಬಿಟ್ಟು ಅಕ್ಕ ತಾವೇ ಹೊರಗೆ ಬಂದು ಸರಿಸಿ ಕೊಡುತ್ತಾರೆ.